ನಡುಮೈದಾನದ ದಾರಿ

ಕ್ಲೈವ್,

ಈ ಕಾಗದ ನಿನ್ನ ಕೈಗೆ ಸೇರುವುದಿಲ್ಲ, ಹಾಗಾಗಿ ಸುಳ್ಳು ಬರೆಯುವ ಅಗತ್ಯವೂ ಇಲ್ಲ.

ಇವತ್ತು ಫುಟ್‌ಬಾಲ್ ಪಂದ್ಯದ ನಾಲ್ಕು ಕ್ವಾರ್ಟರುಗಳಲ್ಲಿ ಮೊದಲನೆಯದು ಮುಗಿದಾಗ ಎಂದಿನಂತೆ ನಾವು ಊರವರೆಲ್ಲ ಬೇಲಿ ದಾಟಿ ಮೈದಾನಕ್ಕಿಳಿದು, ಕೋಚ್ ಆಟಗಾರರನ್ನು ಬೈಯುವುದನ್ನು ಕೇಳುತ್ತ ಸುತ್ತ ನಿಂತೆವು. ನಾನು ನಿನ್ನ ಬೆನ್ನ ಹಿಂದೆಯೇ ಇದ್ದೆ. ನಿನ್ನ ಹೊಸ ಗೆಳೆಯ ರಸ್ ನಿನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹೀರುತ್ತಿದ್ದ. ಆ ಮುಚ್ಚಳ ಮೊದಲು ನನ್ನದಾಗಿತ್ತು.

"ಪುಕ್ಕಲ್ರು, ಚೆಂಡನ್ನ ಬೌಂಡರಿ ಗೆರೆ ಪಕ್ಕದಲ್ಲೇ ಸಾಗಿಸ್ತಾರೆ. ಮಧ್ಯದಿಂದ ನುಗ್ಗಿದ್ರೆ ಎರಡೇ ಕಿಕ್‌ಗೆ ಗೋಲು," ಅಂದ ಅವನು.

ನೀನು ಅವನನ್ನು ಹರಿದು ಮುಕ್ಕುತ್ತೀಯ ಅಂದುಕೊಂಡೆ. ಇಪ್ಪತ್ತೆರಡು ವರ್ಷ ಬೇಲಿ ಪಕ್ಕ ನನ್ನ ಕಾರಿನಲ್ಲಿ ಕೂತು ಆಟ ನೋಡುತ್ತ, ನಾನು ಇದೇ ಮಾತು ಆಡಿದಾಗಲೆಲ್ಲ, "ಮಧ್ಯದಲ್ಲಿ ಚೆಂಡು ಕಳ್ಕೊಂಡ್ರೆ ನಿಮ್ಮಪ್ಪ ಬಂದು ತಡೀತಾನೇನೋ ವಾರಿಕ್?" ಎಂದವನು ನೀನು. ಮೂರು ವರ್ಷದ ಹಿಂದೆ ಫೈನಲ್ ದಿನ ಇದೇ ಜಗಳದಲ್ಲಿ, "ಇಳಿಯೋ ನನ್ನ ಕಾರಿಂದ!" ಎಂದವನು ನಾನು.

"ನೀನ್ ಹೇಳೋದೇ ಸರಿ ಕಣೋ ರಸ್," ಅಂದೆ ನೀನು, ಮೆತ್ತಗೆ.

ನನಗೆ ಒಂದು ಸಲವೂ ಸಿಗದ ಆ 'ಸರಿ' ಅವನಿಗೆ ಪುಕ್ಕಟೆ ಸಿಕ್ಕಿತು. ಜಗಳವಾಡಿದರೆ ಇವನೂ ಹೋಗುತ್ತಾನೆಂದು ಹೆದರಿದೆಯಾ?

ಮೂರನೇ ಕ್ವಾರ್ಟರಿನಲ್ಲಿ ನಮ್ಮ ಹುಡುಗರು ಮಧ್ಯದಿಂದಲೇ ನುಗ್ಗಿದರು. ಎರಡೇ ಕಿಕ್, ಗೋಲು. ಬೇಲಿ ಸುತ್ತ ನಿಂತ ಕಾರುಗಳೆಲ್ಲ ಹಾರ್ನ್ ಹೊಡೆದವು.

"ನೋಡ್ದೇನೋ, ಕತ್ತೆ?" ಎಂದು ನನ್ನ ಕಾರಿನಲ್ಲಿ ಕೂತಲ್ಲೇ ಪಕ್ಕಕ್ಕೆ ತಿರುಗಿದೆ.

ನಿನ್ನ ಉದ್ದ ಕಾಲಿಗೆಂದು ಹಿಂದಕ್ಕೆ ಸರಿಸಿದ್ದ ಸೀಟು ಹಾಗೆಯೇ ಇದೆ.