ಭೂಪಟದ ತುಂಬ ಫೆರಂದಿನಿಗಳು

ಮಾರ್ಚ್ 11, 1986. ಮಂಗಳವಾರ, ಬೆಳಿಗ್ಗೆ ಏಳೂವರೆ

ಅಂಗಡಿಯ ಕಾಫಿ ಯಂತ್ರ ಇವತ್ತೂ ಮುನಿಸಿಕೊಂಡಿದೆ. ಅದರ ಹಿತ್ತಾಳೆ ಹೊಟ್ಟೆಗೆ ಎರಡು ಗುದ್ದು ಕೊಟ್ಟೆ — ಬುಸ್ಸೆಂದಿತು. ವೇಲ್ಸಿನ ಈ ಕಣಿವೆಯಲ್ಲಿ ಅದನ್ನು ಗುದ್ದಿ ಎಬ್ಬಿಸಬಲ್ಲ ಗಂಡಸು ನಾನೊಬ್ಬನೇ. ಮೊದಲ ಕಪ್ಪು ಎಂದಿನಂತೆ ಐಡ್ರಿಸ್‌ಗೆ. ಗಣಿ ಮುಚ್ಚಿ ಐದು ತಿಂಗಳಾಯಿತು. ಅವನು ಮಾತ್ರ ಈಗಲೂ ಪಾಳಿಯ ಹೊತ್ತಿಗೇ ಎದ್ದು ಬರುತ್ತಾನೆ.

ನೆರಿಸ್ ಬಂದಳು. ತಂಗಿಯ ಮಗಳು. ಕಾರ್ಡಿಫ್‌ನಲ್ಲಿ ಟೀಚರ್ ಟ್ರೈನಿಂಗ್, ಇದು ಕೊನೆಯ ವರ್ಷ. ಕಂಕುಳಲ್ಲಿ ಬ್ರಿಟನ್ನಿನ ದೊಡ್ಡ ಭೂಪಟದ ಸುರುಳಿ, ಕೈಯಲ್ಲಿ ಒಂದು ಡಬ್ಬಿ ಕೆಂಪು ಗುಂಡುಪಿನ್ನು.

"ಮಾವ, ಒಂದು ಗೋಡೆ ಬೇಕು."

ಕಾಲೇಜಿಗೆ ದೊಡ್ಡ ಪ್ರಬಂಧ ಬರೆಯಬೇಕಂತೆ — ಒಂದು ಇಟಾಲಿಯನ್ ಮನೆತನದ ಹೆಸರು ಈ ದೇಶದಲ್ಲಿ ಹೇಗೆ ಹರಡಿತು ಎಂದು. ತನ್ನ ತಾಯಿಯ ತವರಿನ ಹೆಸರನ್ನೇ ಆರಿಸಿಕೊಂಡಿದ್ದಾಳೆ. ಫೆರಂದಿನಿ. ಜಾಣೆ. ನನ್ನ ರಕ್ತ.

"ಹರಡೋದೇನು ಬಂತು, ಬರ್ಕೋ," ಎಂದೆ. "ಈ ದೇಶದಲ್ಲಿ ಎಷ್ಟು ಫೆರಂದಿನಿಗಳಿದ್ದಾರೋ ಅಷ್ಟೂ ನಮ್ಮ ತಾತ ಜಿಯೊವಾನ್ನಿ ಬಿತ್ತಿದ ಬೆಳೆ."

"ಮುತ್ತಜ್ಜಿ ಏನೂ ಅನ್ಲಿಲ್ವಾ ಮಾವ?"

ಐಡ್ರಿಸ್ ಕಾಫಿಯನ್ನು ಮೂಗಿನಿಂದ ಬಿಟ್ಟ.

ಮಾರ್ಚ್ 15, ಶನಿವಾರ, ಸಂಜೆ

ಗೋಡೆಯ ಮೇಲೆ ಅರವತ್ತೇಳು ಪಿನ್ನು. ಲೈಬ್ರರಿಯಲ್ಲಿ ಕೂತು ದೇಶದ ಟೆಲಿಫೋನ್ ಡೈರೆಕ್ಟರಿಗಳನ್ನೆಲ್ಲ ತಿರುವಿ ಹುಡುಗಿ ಒಂದೊಂದನ್ನೇ ಹೆಕ್ಕಿ ತಂದಿದ್ದಾಳೆ. ನಮ್ಮ ವೇಲ್ಸ್ ಕಣಿವೆಗಳಲ್ಲಿ ಮೂವತ್ತೊಂದು. ಸ್ಕಾಟ್ಲೆಂಡಿನ ಪಡುವಣ ಕರಾವಳಿಯಲ್ಲಿ ಹದಿನಾರು. ಲಂಡನ್ನಿನಲ್ಲಿ ಒಂಬತ್ತು, ಮ್ಯಾಂಚೆಸ್ಟರಿನಲ್ಲಿ ಆರು. ಉಳಿದ ಐದು ಅಲ್ಲೊಂದು ಇಲ್ಲೊಂದು, ದಾರಿ ತಪ್ಪಿದ ಕುರಿಗಳಂತೆ.

ಐಡ್ರಿಸ್ ಕನ್ನಡಕ ಏರಿಸಿ ನೋಡಿದ. "ಇದೇನ್ ಮಾರಾಯ, ಸಾಲಾಗಿ ನಿಂತವೆ! ಇದು ರೈಲು ಹಳಿ ಕಣೋ."

ನಿಜ. ಗಣಿಗೊಂದು ಸ್ಟೇಷನ್ನು, ಸ್ಟೇಷನ್ನಿಗೊಬ್ಬ ಫೆರಂದಿನಿ.

ನೆರಿಸ್ ಮೇಷ್ಟರಂತೆ ಶುರು ಮಾಡಿದಳು. "ಮೊದಲು ಒಬ್ಬ ಯಜಮಾನ ಬರ್ತಾನೆ. ಊರಿಂದ ಹುಡುಗರನ್ನ ಕರೆಸ್ಕೋತಾನೆ. ಎರಡು ವರ್ಷ ದುಡಿಸ್ಕೊಂಡು, ಆಮೇಲೆ ಪಕ್ಕದ ಕಣಿವೇಲಿ ಒಂದು ಅಂಗಡಿ ಹಾಕ್ಕೊಡ್ತಾನೆ. ತನ್ನ ಬೀದೀಲಿ ಮಾತ್ರ ಹಾಕ್ಸಲ್ಲ."

"ಪುಸ್ತಕದ ಮಾತು. ತಾತ ಇಟಲಿಯ ಬಾರ್ಡಿ ಬೆಟ್ಟದಿಂದ ನಡ್ಕೊಂಡೇ ಬಂದ. ಬೂಟು ಸವೆದಲ್ಲೆಲ್ಲ ಒಂದೊಂದು ಅಂಗಡಿ ತೆಗ್ದ."

"ಸಮುದ್ರದ ಮೇಲೂ ನಡೆದ್ನಾ?"

"ಅಲ್ಲಿ ಬೂಟು ಸವೀಲಿಲ್ಲ."

ಮ್ಯಾನ್ ದ್ವೀಪದಲ್ಲಿ ಒಂದೂ ಪಿನ್ನಿಲ್ಲ. 1940ರಲ್ಲಿ, ಇಟಲಿ ಶತ್ರುದೇಶವಾದಾಗ, ಹುಡುಕಿದ್ದರೆ ನಮ್ಮ ಗಂಡಸರು ಬಹಳ ಮಂದಿ ಅಲ್ಲೇ ಸಿಗುತ್ತಿದ್ದರು, ಮುಳ್ಳುತಂತಿಯ ಒಳಗೆ. ಅಲ್ಲಿ ಯಾರಿಗೂ ಫೋನು ಕೊಟ್ಟಿರಲಿಲ್ಲ.

ಮಾರ್ಚ್ 23, ಭಾನುವಾರ

ಚರ್ಚು ಮುಗಿಸಿ ಬಂದರೆ ಅಂಗಡಿಯ ಮುಂದೆ ಎತ್ತೋರೆಯ ಕಾರು. ಪಕ್ಕದ ಕಣಿವೆಯ ಫೆರಂದಿನಿ. ಅವನ ಐಸ್‌ಕ್ರೀಮಿನಲ್ಲಿ ನೀರು ಜಾಸ್ತಿ, ಮಾತಿನಲ್ಲಿ ಉಪ್ಪು ಜಾಸ್ತಿ. ಭೂಪಟದ ಸುದ್ದಿ ಮುಟ್ಟಿದೆ.

"ಮೊದಲ ಪಿನ್ನು ಎಲ್ಲಿ ಚುಚ್ಚಿದ್ದಾಳೆ ನಿನ್ನ ಸೊಸೆ?"

"ಇಲ್ಲಿ. ನೀನು ನಿಂತಿರೋ ಜಾಗದಲ್ಲಿ. ಟೋಪಿ ತೆಗಿ."

"ನಮ್ಮಜ್ಜ ಬರೋವಾಗ ನಿಮ್ಮಜ್ಜ ಇನ್ನೂ ತೊಟ್ಟಿಲಲ್ಲಿದ್ದ ಕಣೋ ಸೆವೆರಿನೊ."

"ತೊಟ್ಟಿಲಲ್ಲಿದ್ದೇ ಎರಡು ಅಂಗಡಿ ತೆರೆದಿದ್ದ."

ಮಾತು ಏರಿತು. ಕಡೆಗೆ ತೀರ್ಮಾನವಾದದ್ದು ಇದು: ಜೂನ್ ಒಂದರ ಭಾನುವಾರ ಚರ್ಚಿನ ಸಭಾಂಗಣದಲ್ಲಿ ದೇಶದ ಫೆರಂದಿನಿಗಳೆಲ್ಲ ಸೇರುವುದು. ಅನೊಲಿನಿ, ಅಂದರೆ ಚೀಸು ತುಂಬಿದ ಪುಟ್ಟ ಕಡುಬಿನ ಸಾರಿನ ಊಟ. ಎಲ್ಲಕ್ಕಿಂತ ಹಳೆಯ ಮನೆ ಯಾವುದೋ ಆ ಮನೆಯ ಹಿರಿಯನ ಕೈಗೆ ಸೌಟು — ಮೊದಲ ಬಟ್ಟಲು ಬಡಿಸುವವನು ಅವನು. ಊರಿನ ಪದ್ಧತಿಯೂ ಹಾಗೇ. ಅಲ್ಲಿಗೆ ಸೌಟು ನನ್ನದು. ಭಾಷಣ ಈಗಲೇ ಶುರು ಮಾಡುತ್ತೇನೆ.

ನೆರಿಸ್ ಇಟಲಿಯ ನಮ್ಮೂರಿನ ಪಾದ್ರಿಗೆ ಇಂಗ್ಲಿಷಿನಲ್ಲೇ ಬರೆಯುತ್ತಾಳಂತೆ. ಮೊದಲು ಹೊರಟವರು ಯಾರು, ಜಿಯೊವಾನ್ನಿ ತಾತ ಯಾವ ಇಸವಿಯವನು, ಎಲ್ಲ ಚರ್ಚಿನ ದಫ್ತರದಲ್ಲಿ ಇರುತ್ತದೆ. "ನಿಮ್ಮಜ್ಜಂದೂ ಕೇಳ್ಲಾ?" ಎಂದು ಎತ್ತೋರೆಯನ್ನು ಕೇಳಿದಳು. "ನಮಗೆ ಪಾದ್ರಿ ಬೇಕಿಲ್ಲಮ್ಮ. ಈ ಮೂಗೇ ಸಾಕ್ಷಿ," ಎಂದು ಮೂಗು ತೋರಿಸಿ ಹೋದ.

ಅದೂ ದೊಡ್ಡ ಸಾಕ್ಷಿಯೇ. ನಿಜ ಹೇಳಬೇಕಲ್ಲ.

ಮೇ 6, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಕಾಗದ ಬಂತು. ನೆರಿಸ್ ಹೆಸರಿಗೆ, ಅಂಗಡಿಯ ವಿಳಾಸಕ್ಕೆ. ಅವಳೇ ಒಡೆದಳು. ಇಟಾಲಿಯನ್ ಅವಳಿಗೆ ಬರದು. ನನ್ನ ಓದು ಈ ಹಳ್ಳಿ ಶಾಲೆಯಲ್ಲಿ, ಹದಿನಾಲ್ಕರವರೆಗೆ, ಅದೂ ಇಂಗ್ಲಿಷಿನಲ್ಲಿ. ಮನೆಮಾತು ಬೆಟ್ಟದ ಮಾತು. ಆದರೂ ಇಟಲಿಯಲ್ಲೇ ಓದಿದ ಹೆಂಡತಿ ಅಸುಂತ ಪೇಟೆಗೆ ಹೋಗಿದ್ದಳು, ಓದಿ ಹೇಳುವವನು ನಾನೇ. ಬೆರಳಿಟ್ಟು ಓದಿದೆ. ಇನ್ನೊಮ್ಮೆ ಓದಿದೆ.

ಪಾದ್ರಿ ಬರೆದದ್ದು:

ಬ್ರಿಟನ್ನಿಗೆ ಮೊದಲು ಹೊರಟ ಫೆರಂದಿನಿ ಮೇಲ್ಕೇರಿಯ ಲುಯಿಜಿ, 1891. ವೇಲ್ಸಿನಲ್ಲಿ ಕಾಫಿ ಅಂಗಡಿ ತೆರೆದ. ಮಕ್ಕಳಿರಲಿಲ್ಲ. 1912ರಲ್ಲಿ ಅಲ್ಲೇ ತೀರಿಕೊಂಡ. ನೀವು ಕೇಳಿದ ಜಿಯೊವಾನ್ನಿ ಫೆರಂದಿನಿ ಎಂಬ ಹೆಸರಿನ ಮಗುವಿಗೆ ನಮ್ಮಲ್ಲಿ ಜ್ಞಾನಸ್ನಾನವಾಗಿಲ್ಲ. ಜಿಯೊವಾನ್ನಿ ಬ್ರೂಸ್ಕಿ ಎಂಬ ಹುಡುಗನಿದ್ದ. 1898ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಲುಯಿಜಿಯ ಅಂಗಡಿಗೆ ಕೆಲಸಕ್ಕೆ ಹೋದ. ಮರಳಲಿಲ್ಲ. ಅವನ ಸುದ್ದಿಗಾಗಿ ತಾಯಿ 1921ರವರೆಗೂ ವರ್ಷವರ್ಷ ಪೂಜೆ ಹೇಳಿಸಿದ್ದಾಳೆ.

"ಏನಂತೆ ಮಾವ?"

"ಅದೇ... ಜಿಯೊವಾನ್ನಿ ಫೆರಂದಿನಿ. 1891. ಎಲ್ಲರಿಗಿಂತ ಮೊದಲು. ಊರಲ್ಲೇ ಚೆಲುವನಂತೆ."

"ಚೆಲುವ ಅಂತ ಪಾದ್ರಿ ಬರೆದ್ರಾ?"

"ದಫ್ತರದಲ್ಲಿದೆಯಂತೆ."

ಹುಡುಗಿ ಕುಣಿದಳು. ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಕಾಗದ ಜೋಪಾನ ಮಾಡುತ್ತೇನೆಂದು ಇಸಕೊಂಡೆ. ಈಗ ವೇಫರ್ ಡಬ್ಬಿಯ ತಳದಲ್ಲಿದೆ.

ಮೇ 7

ಅಂಗಡಿ ತೆರೆದೆ. ಮುಚ್ಚಿದೆ.

ಮೇ 9, ಶುಕ್ರವಾರ

ಅಟ್ಟದಿಂದ ತಾತನ ತಗಡಿನ ಪೆಟ್ಟಿಗೆ ಇಳಿಸಿದೆ. ಮೊದಲ ಮಹಾಯುದ್ಧದ ಕಾಲದ, ವಿದೇಶಿಯರಿಗೆ ಕೊಡುತ್ತಿದ್ದ ಪೊಲೀಸ್ ನೋಂದಣಿ ಪುಸ್ತಕ ಇದೆ. 'ಜಿಯೊವಾನ್ನಿ ಫೆರಂದಿನಿ' — ಸಾರ್ಜೆಂಟನ ದುಂಡು ಅಕ್ಷರ. ಸಹಿಯ ಜಾಗದಲ್ಲಿ ತಾತನ ಕೈ: ಒಂದು ಗುಣಾಕಾರದ ಗುರುತು. ಅಷ್ಟೇ.

ಈಗ ಕಣ್ಣಿಗೆ ಕಟ್ಟಿದ ಹಾಗಿದೆ. ದಿನಾ ಇಲ್ಲೇ ಬಿಸಿ ಪೈ ತಿನ್ನುವ ಸಾರ್ಜೆಂಟ್. ಗಲ್ಲೆಯ ಹಿಂದೆ ನಿಂತವನಿಗೆ ಬೋರ್ಡಿನ ಮೇಲಿದ್ದ ಹೆಸರು. ಊರಿನವರೆಲ್ಲ ಹಾಗೇ ಕೂಗುತ್ತಿದ್ದರು, ಅವನೂ ಹಾಗೇ ಬರೆದ. ಯಜಮಾನ ಸತ್ತ, ಅಂಗಡಿ ಉಳಿಯಿತು, ಬೋರ್ಡು ಉಳಿಯಿತು. ಹೊಸ ಬೋರ್ಡು ಬರೆಸುವ ಯೋಚನೆ ಯಾರಿಗೆ ಬರುತ್ತದೆ? ಬೋರ್ಡಿನಲ್ಲಿ ಈಗಲೂ 'ಎಲ್. ಫೆರಂದಿನಿ' ಎಂದೇ ಇದೆ. ಚಿಕ್ಕಂದಿನಲ್ಲಿ ಕೇಳಿದ್ದೆ — ತಾತ, ನೀನು ಜಿಯೊವಾನ್ನಿ, ಎಲ್ ಯಾಕೆ? "ಬಣ್ಣ ಹೊಡಿಯೋನು ಕುಡಿದಿದ್ದ ಮಗ," ಎಂದಿದ್ದ.

ಊರಿಗೆ ಯಾಕೆ ಹೋಗಲ್ಲ ಎಂದರೆ ಹಡಗಿನಲ್ಲಿ ವಾಂತಿಯಾಗುತ್ತದೆ ಎನ್ನುತ್ತಿದ್ದ.

ನನಗಿಂತ ದೊಡ್ಡ ಸುಳ್ಳುಗಾರ. ಬೇರೆ ಹೊತ್ತಾಗಿದ್ದರೆ ಹೆಮ್ಮೆ ಪಡುತ್ತಿದ್ದೆ.

ಮೇ 14, ಬುಧವಾರ

ವೇಫರ್ ಡಬ್ಬಿ ತೊಳೆಯಲು ಅಸುಂತ ಇವತ್ತನ್ನೇ ಆರಿಸಿಕೊಂಡಳು.

ಓದಿದಳು. ಕುರ್ಚಿಯಲ್ಲಿ ಕೂತಳು. ಅಳುತ್ತಾಳೆಂದುಕೊಂಡೆ. ನಕ್ಕಳು. ಸೆರಗಿಲ್ಲದ ಹೆಂಗಸು, ಏಪ್ರನ್ನನ್ನೇ ಬಾಯಿಗೆ ತುರುಕಿಕೊಂಡು ನಕ್ಕಳು. ಅವಳು ಹುಟ್ಟಿದ್ದು ಮೇಲ್ಕೇರಿಯ ಫೆರಂದಿನಿ ಮನೆಯಲ್ಲಿ. ಆ ಲುಯಿಜಿ ಅವಳ ಅಜ್ಜನ ಅಣ್ಣ.

"ಮೂವತ್ತಾರು ವರ್ಷ! ಮೇಲ್ಕೇರಿಯೋರು ಮೇಕೆ ಕಾಯೋರು ಅಂತ ನಮ್ಮೋರನ್ನ ಆಡ್ಕೊಂಡ್ಯಲ್ಲಯ್ಯ! ಆ ಮೇಕೆಯೋರ ಅಂಗಡೀಲಿ ಲೋಟ ತೊಳೆಯೋಕೆ ಬಂದೋನ ಮೊಮ್ಮಗ ನೀನು!"

"ನಿಮ್ಮೂರಲ್ಲಿ ಯಾರಿಗೂ ಗೊತ್ತಿರ್ಲಿಲ್ವಾ?"

"ನಾವು ನಿಮ್ಮನ್ನ ಕೆಳಕೇರಿಯೋರು ಅಂದ್ಕೊಂಡಿದ್ವಿ. ಕೆಳಕೇರಿಯೋರು ನಿಮ್ಮನ್ನ ಮೇಲ್ಕೇರಿಯೋರು ಅಂದ್ಕೊಂಡಿದ್ರು. ನೀನು ಕೊಚ್ಕೊಳ್ಳೋದು ನೋಡಿ ಯಾರಿಗೂ ಕೇಳೋ ಧೈರ್ಯ ಬರ್ಲಿಲ್ಲ."

ಆಮೇಲೆ ನಗು ನಿಲ್ಲಿಸಿದಳು. "ಆ ಹುಡುಗಿ ನಿನ್ನ ಮಾತು ನಂಬಿ ಬರೀತಿದ್ದಾಳೆ. ಕಾಲೇಜಿಗೆ ಸುಳ್ಳು ಒಪ್ಪಿಸ್ತಾಳೆ. ನಾನಾಗಿ ಹೇಳಲ್ಲ. ನೀನೇ ಹೇಳು."

"ಹೇಳ್ತೀನಿ."

"ಯಾವಾಗ?"

"ಹೇಳ್ತೀನಿ ಅಂದ್ನಲ್ಲ."

ಮೇ 31, ಶನಿವಾರ, ಸಂಜೆ

ಹೇಳಿಲ್ಲ.

ಅಸುಂತ ಮತ್ತು ಮೂವರು ಹೆಂಗಸರು ಮೂರು ದಿನದಿಂದ ಅನೊಲಿನಿ ಒತ್ತುತ್ತಿದ್ದಾರೆ. ಚೀಸು ತುಂಬಿ, ಅಂಚು ಮುಚ್ಚಿ, ಸಾಲಾಗಿ ಬಟ್ಟೆಯ ಮೇಲೆ. ಎರಡು ಸಾವಿರದ ಮೇಲಾಗಿದೆ. ನಾನು ಒಳಗೆ ಕಾಲಿಟ್ಟರೆ ಅಸುಂತ ತಲೆ ಎತ್ತುತ್ತಾಳೆ. "ಹೇಳ್ದ್ಯಾ?" ಹೊರಗೆ ಬರುತ್ತೇನೆ.

ಎರಡು ಭಾಷಣ ಬರೆದಿಟ್ಟಿದ್ದೇನೆ. ಒಂದು ಚೆನ್ನಾಗಿದೆ. ಇನ್ನೊಂದು ನಿಜ.

ಜೂನ್ 2, ಸೋಮವಾರ, ಬೆಳಿಗ್ಗೆ

ಅಂಗಡಿ ರಜೆ. ಈಗಲೇ ಎಲ್ಲ ಬರೆದಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ನಾನೇ ಕತೆಗೆ ಬಣ್ಣ ಹಚ್ಚುತ್ತೇನೆ.

ನೂರ ನಲವತ್ತು ಜನ ಬಂದಿದ್ದರು. ಸ್ಕಾಟ್ಲೆಂಡಿನಿಂದ ರೆಮೊ ಎಂಬ ಮೀನು-ಚಿಪ್ಸ್ ಅಂಗಡಿಯವನು, ಬಾಗಿಲಷ್ಟು ಅಗಲ, ವ್ಯಾನು ತುಂಬ ಮೊಮ್ಮಕ್ಕಳು. ಮ್ಯಾಂಚೆಸ್ಟರಿನಿಂದ ಇಬ್ಬರು ಅಕ್ಕತಂಗಿಯರು. ಎತ್ತೋರೆ ಹೊಸ ಸೂಟಿನಲ್ಲಿ. ಗೋಡೆಗೆ ಭೂಪಟ. ಮೇಜಿನ ಮೇಲೆ ಹಂಡೆ, ಹಂಡೆಯಲ್ಲಿ ಸೌಟು.

ನೆರಿಸ್ ಎದ್ದಳು. ಎಷ್ಟು ಚೆನ್ನಾಗಿ ಮಾತಾಡಿದಳು! ಕೊನೆಗೆ, "ಈ ಭೂಪಟದ ಮೊದಲ ಪಿನ್ನು ನಿಂತಿರೋದು ಒಂದೇ ಒಂದು ಕಾಗದದ ಮೇಲೆ. ಅದನ್ನ ನನಗೆ ಓದಿ ಹೇಳಿದ್ದು ಸೆವೆರಿನೊ ಮಾವ. ಮಾವ ಇಲ್ದಿದ್ರೆ ನನ್ನ ಕೆಲಸ ಇಲ್ಲ," ಎಂದಳು.

ಚಪ್ಪಾಳೆ. ಎತ್ತೋರೆಯೂ ಎರಡು ಬೆರಳಲ್ಲಿ ತಟ್ಟಿದ. ನನ್ನನ್ನು ಹಂಡೆಯ ಬಳಿಗೆ ಕರೆದರು. ಸೌಟು ಹಿಡಿದೆ. ಜೇಬಿನಲ್ಲಿ ಎರಡು ಭಾಷಣ. ಹುಡುಗಿ ನನ್ನನ್ನೇ ನೋಡುತ್ತಿದ್ದಳು, ನಗುತ್ತ.

ಸೌಟು ಕೆಳಗಿಟ್ಟೆ.

"ನನ್ನ ಹೆಸರು ಸೆವೆರಿನೊ ಬ್ರೂಸ್ಕಿ," ಎಂದೆ.

ಜನ ನಕ್ಕರು. ಏನೋ ತಮಾಷೆ ಎಂದುಕೊಂಡರು. ಪಾದ್ರಿಯ ಕಾಗದ ತೆಗೆದು ಓದಿದೆ, ಈ ಸಲ ಇದ್ದದ್ದು ಇದ್ದ ಹಾಗೆ. ತಾಯಿ ಪೂಜೆ ಹೇಳಿಸಿದ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿದೆ. ಸಾರಿನ ಹಬೆ ಕಟ್ಟಿರಬೇಕು.

ನೆರಿಸ್ ಹತ್ತಿರ ಬಂದಳು. ಮುಖ ಟೊಮೇಟೊ.

"ಚೆಲುವ ಅಂತ ದಫ್ತರದಲ್ಲಿದೆ ಅಂದ್ಯಲ್ಲ!"

"ಅದೊಂದು ಮಾತ್ರ ನಿಜ ಇರಬಹುದು. ನನ್ನ ನೋಡು."

"ಮಾವ, ನಾಲ್ಕು ವಾರ ನಾನು ಬರೆದದ್ದೆಲ್ಲ ಹರಿದು ಹಾಕ್ಬೇಕು! ಕಳ್ಳ ನೀನು! ಹಾಳು ಕಳ್ಳ!"

ಅವಳು ಬೈದದ್ದು ಸರಿ. ತಲೆ ತಗ್ಗಿಸಿದೆ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ಬಾಗಿಲಷ್ಟು ಅಗಲದ ರೆಮೊ ಎದ್ದಿದ್ದ.

"ತಂಗಿ, ಪೂರ್ತಿ ಹರೀಬೇಡ. ನಮ್ಮಜ್ಜನ ಹೆಸರು ದೋಮಿನಿಚಿ. ಫೆರಂದಿನಿ ಅನ್ನೋ ಅಂಗಡಿ ಕೊಂಡ. ಬೋರ್ಡು ಬದಲಾಯಿಸಿದ್ರೆ ಗಿರಾಕಿ ಬರಲ್ಲ ಅಂತ ತಾನೇ ಬದಲಾದ. ನಮ್ಮನೇಲಿ ಇದನ್ನ ಆಚೆ ಹೇಳ್ತಿರ್ಲಿಲ್ಲ."

ಮ್ಯಾಂಚೆಸ್ಟರಿನ ಅಕ್ಕ ತಂಗಿಯನ್ನು ನೋಡಿದಳು. ತಂಗಿ ಅಕ್ಕನನ್ನು ತಿವಿದಳು. ಇಬ್ಬರೂ ಒಟ್ಟಿಗೆ ಎದ್ದರು.

ಊಟದ ಹೊತ್ತಿಗೆ ಹೀಗೆ ಒಪ್ಪಿಕೊಂಡದ್ದು ಹನ್ನೊಂದು ಮನೆ. ನೆರಿಸ್ ಸಿಟ್ಟು ಮರೆತು ಬರೆದುಕೊಳ್ಳುತ್ತಿದ್ದಳು — "ನಿಧಾನ, ನಿಧಾನ, ಒಬ್ಬೊಬ್ರೇ ಹೇಳಿ!" ಹೆಸರು ಹರಡಿದ್ದು ಬರೀ ಮಕ್ಕಳಿಂದಲ್ಲ, ಬೋರ್ಡಿನಿಂದ ಎಂದು ಈವರೆಗೆ ಯಾರೂ ಹೀಗೆ ಕೂತು ಬರೆದಿಲ್ಲವಂತೆ.

ಎತ್ತೋರೆ ಸೌಟಿಗೆ ಕೈ ಚಾಚಿದ. "ಹಾಗಾದ್ರೆ ನಾನೇ—"

"ಕೈ ತೆಗಿಯಪ್ಪ," ಎಂದಳು ಅಸುಂತ. "ಲುಯಿಜಿ ನಮ್ಮ ದೊಡ್ಡಜ್ಜ. ಕಾಗದದಲ್ಲಿದೆ."

ಮೊದಲ ಬಟ್ಟಲು ನನಗೇ ಬಡಿಸಿದಳು. "ತಗೊಳ್ಳಿ ಬ್ರೂಸ್ಕಿಯವರೇ," ಎಂದಳು. ಅಷ್ಟು ರುಚಿಯಾದ ಸಾರು ಈ ಜನ್ಮದಲ್ಲಿ ಕುಡಿದಿಲ್ಲ.

ಜೂನ್ 7, ಶನಿವಾರ

ನೆರಿಸ್ ಬಂದಿದ್ದಳು. ಪೂರ್ತಿ ಕ್ಷಮಿಸಿಲ್ಲ. ಹೆಸರು ಎರವಲು ಪಡೆದ ಮನೆಗಳ ಮೇಲೆ ಕೆಂಪು ಪಿನ್ನು ಕಿತ್ತು ಹಳದಿ ಚುಚ್ಚುವ ಶಿಕ್ಷೆ ನನಗೆ. ಮೊದಲನೆಯದು ನಮ್ಮ ಅಂಗಡಿಯ ಮೇಲೆ. ಚುಚ್ಚುವಾಗ ಸ್ವಲ್ಪ ನೋವಾಯಿತು, ಭೂಪಟಕ್ಕಲ್ಲ.

ಮನೆಮನೆಗೆ ಫೋನು ಹೋಗಿದೆ. ಹಳೆಯ ಪೆಟ್ಟಿಗೆಗಳು ತೆರೆದಿವೆ. ಹಳದಿ ಹತ್ತೊಂಬತ್ತು, ಇನ್ನೂ ಬರುತ್ತಿವೆ. ಐಡ್ರಿಸ್‌ಗೆ ಹೇಳಿದೆ — ಹುಟ್ಟಿನಿಂದ ಫೆರಂದಿನಿ ಆಗುವುದರಲ್ಲಿ ಏನು ದೊಡ್ಡಸ್ತಿಕೆ? ಕೂಸೂ ಆಗುತ್ತದೆ. ನಮ್ಮಜ್ಜ ದುಡಿದು ಆದ.

"ಹೋದ ವಾರ ಬೇರೆ ಹೇಳ್ತಿದ್ದೆ."

"ಹೋದ ವಾರ ನನಗೆ ತಿಳುವಳಿಕೆ ಇರ್ಲಿಲ್ಲ."

ಎತ್ತೋರೆಯೂ ಪಾದ್ರಿಗೆ ಬರೆದಿದ್ದಾನಂತೆ. ತನ್ನ ಅಜ್ಜನ ಜ್ಞಾನಸ್ನಾನದ ಪತ್ರ ತರಿಸಿ, ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿ, ಗಲ್ಲೆಯ ಮೇಲೆ ತೂಗುಹಾಕುತ್ತಾನಂತೆ. 'ಅಪ್ಪಟ' ಎಂದು ಬೋರ್ಡಿಗೂ ಸೇರಿಸುತ್ತಾನಂತೆ. ಚೌಕಟ್ಟು ಆಗಲೇ ಕೊಂಡಾಗಿದೆ.

ಜುಲೈ 17, ಗುರುವಾರ, ಮಧ್ಯಾಹ್ನ ಮೂರೂಕಾಲು

ಎತ್ತೋರೆ ಬಂದಿದ್ದಾನೆ. ಕಾರು ದೂರ ನಿಲ್ಲಿಸಿ ನಡೆದು ಬಂದಿದ್ದಾನೆ. ಟೋಪಿ ಕೈಯಲ್ಲಿದೆ. ನನ್ನ ಕಾಫಿಗೆ ಹೆಸರಿಡಲಿಲ್ಲ, ಐಡ್ರಿಸ್‌ಗೆ ನಮಸ್ಕಾರ ಹೇಳಿದ. ಏನೋ ಆಗಿದೆ ಎಂದುಕೊಂಡೆ. ಕೋಟಿನ ಜೇಬಿನಿಂದ ಇಟಲಿಯ ಅಂಚೆಚೀಟಿ ಇಣುಕುತ್ತಿತ್ತು.

ಬಹಳ ಹೊತ್ತು ಲೋಟ ತಿರುಗಿಸಿದ. ಆಮೇಲೆ ಮೆಲ್ಲಗೆ, ಗಲ್ಲೆಯ ಮೇಲೆ ಬಾಗಿ:

"ಸೆವೆರಿನೊ... ಮನೇಲಿ ಹೆಂಡತಿಗೆ ಹೇಗೆ ಹೇಳ್ದ್ಯೋ ನೀನು?"

ಹಾಲು ತರುತ್ತೇನೆಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಪಾಪ, ಅವನ ಮುಖ ನೋಡಲಾಗುತ್ತಿಲ್ಲ. ನಗಬಾರದು. ನಗುವುದಿಲ್ಲ. ಹಿರಿಯನಾಗಿ ನಾಲ್ಕು ಸಮಾಧಾನದ ಮಾತು ಹೇಳಬೇಕು, ಹೆಗಲ ಮೇಲೆ ಕೈ ಇಡಬೇಕು, ಮತ್ತು ಮೊಟ್ಟಮೊದಲು ಆ ಚೌಕಟ್ಟನ್ನು ಏನು ಮಾಡಿದೆ ಎಂದು —