ಎಡಕ್ಕೆ ಸುತ್ತಿದ ಬಸವನಹುಳು

ಸೋಮವಾರ, ಸಂಜೆ

ಅಚ್ಚುಮೆಚ್ಚಿನ ಯಜಮಾನರಿಗೆ,
(ಅಚ್ಚು ನಿಮ್ಮದು; ಮೆಚ್ಚುಗೆಯನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.)

ನಾನು ಕ್ಷೇಮ. ಅಚ್ಚಿನ ಯಂತ್ರವೂ ಕ್ಷೇಮ. ಅದನ್ನು ನಿಮ್ಮ ಬಾಡಿಗೆ ಕೋಣೆಗೆ ಕಳಿಸೆಂದು ಕೇಳಿದ್ದೀರಿ. ಕಳಿಸಿಬಿಟ್ಟರೆ ಈ ಮನೆಗೆ ಬರಲು ನಿಮಗೊಂದು ನೆಪವೂ ಇರುವುದಿಲ್ಲ. ಅದಕ್ಕೇ ಮೊದಲು ಹೇಳಿ: ಆಕೆ ಯಾರು?

ಹುಬ್ಬೇರಿಸಬೇಡಿ. ಇಷ್ಟು ವರ್ಷ ಹಲಗೆಯಲ್ಲಿ ಎಲೆ, ಹಕ್ಕಿ, ಹುಳು ಕೆತ್ತಿದವಳು ನಾನು; ಶಾಯಿ ಬಳಿದು ಕಾಗದಕ್ಕೆ ಒತ್ತಿದವರು ನೀವು. “ಹೆಸರು ನಿಂದು, ಬೆವರು ನಂದು” ಎಂದು ಗೊಣಗಿ ನೀವು ಹೊರಟಿರಿ. ಉಳಿ ಹಿಡಿದವಳು ಉಳಿದೆ. ಈಗ ಚೌಕಟ್ಟಿನ ಅಂಗಡಿಯ ಗಾಜಿನ ಹಿಂದೆ ನಿಮ್ಮ ಹೊಸ ಚಿತ್ರ ಕೂತಿದೆಯಲ್ಲ, ಅದನ್ನು ಯಂತ್ರವಿಲ್ಲದೆ ಕೈಯಲ್ಲೇ ಉಜ್ಜಿ ಒತ್ತಿದಿರಿ, ಸರಿ; ಹಲಗೆ ತಾನಾಗಿ ಕೆತ್ತಿಕೊಂಡಿತೇ?

ನಿಮ್ಮ ಪಕ್ಕದ ಕೋಣೆಯ ಬೈಂಡರ್‌ನನ್ನು ವಿಚಾರಿಸಿದೆ. “ದಿನಾ ಟಕಟಕ ಸದ್ದು ಅಕ್ಕಾ. ಭಾವ ಕಿಟಕಿಗೆ ಪರದೆ ಬೇರೆ ಹಾಕ್ಸಿದಾರೆ. ಆಗಾಗ ‘ಅಯ್ಯೋ, ಹೋಯ್ತು’ ಅಂತ ಕೇಳ್ಸತ್ತೆ” ಎಂದ. ಗಂಡಸಿನ ದನಿಯೋ ಹೆಂಗಸಿನದೋ ಎಂದರೆ, “ನೋವಲ್ಲಿ ಎಲ್ಲರದೂ ಒಂದೇ ದನಿ” ಎಂದು ಹಲ್ಲು ಕಿರಿದ. ನೀವು ತೀರ ಸಣ್ಣ ಹಿಡಿಯ ಉಳಿಗಳನ್ನು ಕೊಂಡಿರೆಂದು ಉಳಿ ಮಾರುವ ಅಂಗಡಿಯವನು ಹೇಳಿದ. ಸಣ್ಣ ಹಿಡಿ, ಸಣ್ಣ ಕೈ. ಇಷ್ಟು ಲೆಕ್ಕ ನನಗೂ ಬರುತ್ತದೆ.

ತಂಗಿಯ ಕೈಲಿ ಆ ಚಿತ್ರದ ಒಂದು ಪ್ರತಿ ತರಿಸಿದೆ. ಎಲೆಯ ಮೇಲೊಂದು ಬಸವನಹುಳು. ನಮ್ಮ ಹಿತ್ತಲಿನದು, ನಾನೇ ಕೂತು ಬರೆದುಕೊಂಡದ್ದು! ನನ್ನ ಹುಳುವನ್ನು ಒಯ್ದು ಅವಳ ಕೈಗಿಟ್ಟಿದ್ದೀರಿ. ಅವಳೋ ಎಲೆಯ ನರಗಳನ್ನು ಮೀನಿನ ಮುಳ್ಳು ಮಾಡಿದ್ದಾಳೆ. ಗಂಡನನ್ನು ಕದಿಯುವವಳಿಗೆ ಒಂದಿಷ್ಟು ಕೈಚಳಕ ಬೇಡವೇ?

ಉತ್ತರ ಬರುವವರೆಗೆ ಯಂತ್ರ ಕದಲುವುದಿಲ್ಲ.

ಇನ್ನೂ ನಿಮ್ಮವಳೋ ಅಲ್ಲವೋ ತಿಳಿಯದ,
ಕೆತ್ತೋಳು

ಮಂಗಳವಾರ ಬೆಳಿಗ್ಗೆ ಸೇರಿಸಿದ್ದು: ಬಿಸಿಲಿಗೆ ಹಿಡಿದು ಮತ್ತೆ ನೋಡಿದೆ. ನಮ್ಮ ಹಿತ್ತಲ ಹುಳುಗಳ ಚಿಪ್ಪು ಬಲಕ್ಕೆ ಸುತ್ತುತ್ತದೆ, ಇದರದು ಎಡಕ್ಕೆ. ಹಲಗೆಯ ಎಡ ಕಾಗದದಲ್ಲಿ ಬಲವಾಗುತ್ತದೆ, ಅದಕ್ಕೇ ಚಿತ್ರವನ್ನು ಮಗುಚಿ ಕೆತ್ತಬೇಕು. ಕಸುಬಿನವಳು ಇದನ್ನು ನಿದ್ದೆಗಣ್ಣಲ್ಲೂ ಮರೆಯುವುದಿಲ್ಲ. ಕೆತ್ತಿದವರು ಹೊಸಬರು; ಸಣ್ಣ ಹಿಡಿಯ ಉಳಿ ಕಲಿಯುವವರದೂ ಹೌದು. ಅಂಚಿನಲ್ಲಿ ಒಂದು ಕಂದು ಬಣ್ಣದ, ಅಗಲವಾದ ಹೆಬ್ಬೆಟ್ಟಿನ ಗುರುತಿದೆ. ಅದು ಶಾಯಿಯಲ್ಲ, ರಕ್ತ. ಯಂತ್ರದಡಿ ಸಿಕ್ಕಿ ಹಾಗೆ ಚಪ್ಪಟೆಯಾದ ಹೆಬ್ಬೆಟ್ಟು ನನಗೆ ಗೊತ್ತಿರುವಂತೆ ಒಬ್ಬರದೇ. ಎಷ್ಟು ಆಳಕ್ಕೆ ಹೋಗಿದೆ, ರೀ? ಎಡಗೈಯನ್ನು ಉಳಿಯ ಮುಂದೆ ಇಡುತ್ತಾರೆಯೇ ಯಾರಾದರೂ? ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹತ್ತಿ, ಮುಲಾಮಿನ ಜೊತೆ ನಾನೇ ತರುತ್ತೇನೆ. ನನ್ನೆದುರಿಗೇ ಓದಿ, ನಗಬೇಡಿ.