ಕುದುರೆಗೂ ನನಗೂ ಒಂದೇ ಗುರುತು

ಕಣಿವೆಯ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ ಬಹಿರಂಗ ಪತ್ರ,

ಮಾನ್ಯರೇ,

ನಾನು ಗರ್ಭಿಣಿಯಲ್ಲ. ಎಪ್ಪತ್ತು ದಾಟಿದ ವಿಧವೆಯೊಬ್ಬಳು ಇದನ್ನು ಪತ್ರಿಕೆಯಲ್ಲಿ ಸಾರಬೇಕಾಗಿ ಬಂದದ್ದು ತಮ್ಮ ಕೃಪೆ. ಗಬ್ಬವಾಗಿದ್ದದ್ದು ಪಕ್ಕದ ಮನೆಯ ಶಾರ್ಶೆನನ ಕಂದು ಕುದುರೆ. ಅದಕ್ಕೂ ನನಗೂ ತಾವು ಒಂದೇ ಗುರುತು ದಯಪಾಲಿಸಿದ್ದೀರಿ: ಕೆ-7-ಎಂ-ಟಿ.

ಉದ್ದುದ್ದ ಸಂಖ್ಯೆ ಯಾರಿಗೂ ನೆನಪಿರುವುದಿಲ್ಲವೆಂದು, ಸಂಖ್ಯೆಯನ್ನು ನಾಲ್ಕಕ್ಷರಕ್ಕೆ ಇಳಿಸುವ ತಂತ್ರಾಂಶ ತರಿಸಿದಿರಿ. ಒಳ್ಳೆಯದೇ. ಕಣ್ಣು ಮಂಜಾದವರಿಗೂ ಓದಲು ಬರಲೆಂದು ಸೊನ್ನೆಯಂತೆ ಕಾಣುವ ಅಕ್ಷರವನ್ನೂ ಅದರಿಂದ ಕೈಬಿಟ್ಟಿದ್ದಾರಂತೆ. ಪಾಪ, ಅದರ ತಪ್ಪೇನೂ ಇಲ್ಲ. ಒಂದೇ ಸಂಖ್ಯೆ ಕೊಟ್ಟರೆ ಒಂದೇ ಗುರುತು ಕೊಡುತ್ತದೆ. ಆದರೆ ತಾವು ಜನರನ್ನೂ ಒಂದರಿಂದ ಎಣಿಸಿದಿರಿ, ಕುದುರೆಗಳನ್ನೂ ಒಂದರಿಂದ ಎಣಿಸಿದಿರಿ, ಆಮೇಲೆ ಇಬ್ಬರನ್ನೂ ಒಂದೇ ಕಂಪ್ಯೂಟರಿಗೆ ತುಂಬಿದಿರಿ. ನನ್ನ ತರಗತಿಯಲ್ಲಿ ಇಂಥ ಲೆಕ್ಕಕ್ಕೆ ಕಿವಿ ಹಿಂಡುತ್ತಿದ್ದೆ.

ವಸಂತದಲ್ಲಿ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋದೆ. ಅಲ್ಲಿಯೂ ತಮ್ಮ ದಾಖಲೆಯೇ ವೇದವಾಕ್ಯ. ಕಿಟಕಿಯ ಹಿಂದಿದ್ದ ಹುಡುಗಿ ‘ಎಜೆ’ ಎಂದೇ ಕರೆದಳು. ಅಕ್ಕನೆಂಬ ಗೌರವಕ್ಕೇನೂ ಕೊರತೆಯಿರಲಿಲ್ಲ.

“ಎಜೆ, ಬಸುರಿಯರಿಗೆ ಆಪರೇಷನ್ ಮಾಡಲ್ಲ. ನಿಮ್ಗೆ ಹನ್ನೊಂದನೇ ತಿಂಗಳು ಅಂತಿದೆ.”

“ಹನ್ನೊಂದು ತಿಂಗ್ಳು ಹೊರೋ ಹೆಂಗಸನ್ನ ಎಲ್ಲಾದ್ರೂ ನೋಡಿದ್ದೀಯೇನಮ್ಮ?”

“ಕಂಪ್ಯೂಟ್ರು ಹಾಗಂತಿದೆ. ಹೆತ್ತಾದ್ಮೇಲೆ ಬನ್ನಿ.”

ನಾನು ಯಾರೆಂದು ತೋರಿಸಲು, ನಾವು ಕಿರ್ಗಿಜರು ಹೇಳುವಂತೆ, ಏಳು ತಲೆಮಾರಿನ ಅಪ್ಪಂದಿರ ಹೆಸರು ಒಂದೇ ಉಸಿರಿಗೆ ಒದರಿದೆ. “ಅಷ್ಟೆಲ್ಲ ಹಿಡಿಸಲ್ಲ ಎಜೆ, ನಾಲ್ಕೇ ಅಕ್ಷರ,” ಎಂದಳು.

ಬೇರೆ ದಾರಿಯಿಲ್ಲದೆ ಕುದುರೆ ಈಯುವುದನ್ನೇ ಕಾದೆ. ಈದ ಮೇಲೆ ಮತ್ತೆ ಹೋದೆ. “ಈಗ ಹಾಲು ಕೊಡ್ತಿದ್ದೀರಲ್ಲ, ಹಿಮ ಬೀಳೋ ತನಕ ಆಗಲ್ಲ,” ಎಂದಳು. ಇತ್ತ ಶಾರ್ಶೆನ್ ದಿನವೂ ಕುದುರೆಯ ಹಾಲು ಕರೆದು, ಅದನ್ನು ಹುಳಿಸಿ ಕುಡಿಯುವ ಕುಮಿಸ್ ಮಾಡಲು ಇಡುತ್ತಾನೆ. ಕರೆಯೋದು ನಿಲ್ಲಿಸೋ ಎಂದು ಬೈದರೆ, “ಈ ವರ್ಷ ನಿಮ್ ಹಾಲು ಭಾರಿ ಚೆನ್ನಾಗಿದೆ, ಎಜೆ,” ಎಂದು ಬಟ್ಟಲು ತುಂಬಿಸಿ ಕೊಡುತ್ತಾನೆ. ಕುಡಿದೆ. ಚೆನ್ನಾಗಿಯೇ ಇತ್ತು.

ನಿನ್ನೆ ತಮ್ಮ ಕಚೇರಿಯಿಂದ ಮರಿಯ ಜನನ ಪತ್ರ ಬಂತು. ತಾಯಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು. ಮಕ್ಕಳಿಲ್ಲದ ನಾನು ಮೊದಲು ನಕ್ಕೆ, ಆಮೇಲೆ ಯಾಕೋ ಅಳು ಬಂತು. ಮರಿಯ ಹಣೆಯ ಮೇಲೆ ಬಿಳಿ ಚುಕ್ಕೆಯಿದೆಯೆಂದು ಊರೆಲ್ಲ ಹೇಳುತ್ತದೆ. ನನಗೆ ಕಾಣುವುದು ಓಡಾಡುವ ಒಂದು ಮಸುಕು.

ಜನರ ಸಂಖ್ಯೆಗಳ ಮುಂದೆ ಒಂದು, ಕುದುರೆಗಳ ಸಂಖ್ಯೆಗಳ ಮುಂದೆ ಎರಡು ಸೇರಿಸಿ ಗುರುತುಗಳನ್ನು ಹೊಸದಾಗಿ ಮಾಡಿಸಿ. ಅದು ತಮ್ಮಿಂದಾಗದಿದ್ದರೆ ತಮ್ಮ ಕಾಗದವನ್ನಾದರೂ ನಂಬಿ. ಹೆತ್ತವಳು ಇನ್ನೂ ಮಗುವಿನ ಮುಖ ನೋಡಿಲ್ಲ. ಕಣ್ಣಿನ ಪೊರೆ ತೆಗೆಸಿ ನನಗೆ ಅದನ್ನು ತೋರಿಸಿ.

ಇಂತಿ,
ತಮ್ಮ ದಾಖಲೆಯ ಬಾಣಂತಿ,
ಕಲಿಪಾ, ನಿವೃತ್ತ ಲೆಕ್ಕದ ಟೀಚರ್